ಚಿಕ್ಕಮಾದುವಿನ ತಮಟೆ

ಬಸರಾಳು ಹೋಬಳಿಯ ನಮ್ಮ ಹಳ್ಳಿಯಲ್ಲಿ ಸರ್ಕಾರದ ಮಾತನ್ನು ತಮಟೆ ಬಡಿದು ಸಾರುತ್ತಿದ್ದವನು ಚಿಕ್ಕಮಾದು. ಹೊಟ್ಟೆಗೆ ಹಿಟ್ಟಿಲ್ಲದ ದಿನವೂ ಅವನ ದನಿ ಕೆರೆಯ ಆಚೆ ದಡಕ್ಕೆ ಕೇಳುತ್ತಿತ್ತು. ಒಮ್ಮೆ ಸಾರಿದ ಮಾತು ರದ್ದಾಗಬೇಕಾದರೆ ಅದನ್ನೂ ತಮಟೆ ಬಡಿದೇ ಸಾರಬೇಕು, ಅಲ್ಲಿಯ ತನಕ ಹಳೆಯ ಮಾತೇ ನಡೆಯಬೇಕು ಎಂಬುದು ಅವನ ಅಪ್ಪನ ಕಾಲದ ಕಟ್ಟಳೆ.

ಮೂವತ್ತೆರಡನೇ ಇಸವಿಯಲ್ಲಿ ದಿವಾನರ ಕೌನ್ಸಿಲ್ಲಿನ ಮೆಂಬರು ವರದರಾಜಯ್ಯನವರು ಅವನಿಂದ ಹೀಗೆ ಸಾರಿಸಿದರು: ಸರ್ಕಾರದ ಬೊಕ್ಕಸ ಬರಿದಾಗಿದೆ, ಕಂದಾಯ ಏರುತ್ತದೆ, ಯಾರೂ ದುಂದು ಮಾಡಕೂಡದು. ವಾರ ಕಳೆಯುವುದರೊಳಗೆ ಅವರೇ ಮೋಟಾರಿನಲ್ಲಿ ಬರುತ್ತಾರೆಂದು ಪಟೇಲರಿಗೆ ಹೇಳಿಕೆ ಬಂತು. ಸರ್ಕಾರದ ಖರ್ಚಿನಲ್ಲೇ ಬೀದಿಯುದ್ದಕ್ಕೂ ಚಪ್ಪರ ಎದ್ದಿತು, ಮೈಸೂರಿನಿಂದ ಬ್ಯಾಂಡು ಬಂತು, ಊಟಕ್ಕೆ ಹೋಳಿಗೆ ಬೆಂದವು. ನನಗೆ ಮೈಯೆಲ್ಲ ಉರಿಯಿತು; ಬಾಯಿ ಬಿಡುವ ಧೈರ್ಯ ಮಾತ್ರ ಬರಲಿಲ್ಲ.

ದೊಡ್ಡವರು ಬಂದರೆ ಮುಂದೆ ತಮಟೆ ನಡೆಯುವುದು ಊರಿನ ಪದ್ಧತಿ. ಚಿಕ್ಕಮಾದು ಮೋಟಾರಿನ ಮುಂದೆ ನಡೆದ. ಹಾರಗಳಲ್ಲಿ ಮುಳುಗಿ ಕೂತಿದ್ದ ಮೆಂಬರಿಗೆ ಕೇಳುವಂತೆ ಸಾರಿದ: "ಬೊಕ್ಸ ಬರಿದಾಗೈತೆ, ಕಂದಾಯ ಏರ್ತದೆ, ಯಾರೂ ದುಂದು ಮಾಡ್ಬ್ಯಾಡಿ."

ಬ್ಯಾಂಡಿನವರು ತಾವಾಗಿಯೇ ನಿಲ್ಲಿಸಿದರು. ಆ ಬಡಕಲು ಎದೆಯೊಳಗೆ ಅಂಥ ದನಿ ಎಲ್ಲಿತ್ತೋ, ಇವತ್ತು ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ.

ಮೆಂಬರ ಮುಖ ಕೆಂಪೇರಿತು. "ನಿಲ್ಸೋ ಅದನ್ನ" ಎಂದರು.

ಚಿಕ್ಕಮಾದು ತಮಟೆ ಇಳಿಸಿ ಕೈಮುಗಿದ. "ನಿಲ್ಸ್ತೀನಿ ಬುದ್ಧಿ. ಬೊಕ್ಸ ತುಂಬೈತೆ ಅಂತ ಸಾರ್ಲಾ?"