ಬರ್ಫಕ್ಕೆ ಸುಂಕ

ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ಮೇಲಿನ ಮೊದಲ ಬೇಸಿಗೆ. ಸರ್ಕಾರ ಬದಲಾಗಿದ್ದರೂ ಸಂಸ್ಥಾನದ ಗಡಿಯ ಗದ್ವಾಲ ಸ್ಟೇಷನ್ನಿನ ಸುಂಕದ ಮೇಜು ಬದಲಾಗಿರಲಿಲ್ಲ. ಕರ್ನೂಲಿನಿಂದ ನನ್ನ ಜೊತೆ ರೈಲಿನಲ್ಲಿ ಬಂದ ವ್ಯಾಪಾರಿ ವೀರಣ್ಣ, ಮಗಳ ಮದುವೆಗೆ ಬರುವ ಬೀಗರ ಶರಬತ್ತಿಗೆಂದು ಒಂದು ಬರ್ಫದ ಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿ ಚೀಲದಲ್ಲಿ ತಂದಿದ್ದರು.

ಸುಂಕದ ಸಾಹೇಬರ ದಫ್ತರದಲ್ಲಿ ಬರ್ಫಕ್ಕೆಂದು ಕಾಲಂ ಇರಲಿಲ್ಲ. “ನೀರ ಐತಿ, ಹೋಗ್ರಿ” ಎಂದುಬಿಟ್ಟರು.

ವಿಜ್ಞಾನದ ಮಾಸ್ತರನಾದ ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. “ಸಾಹೇಬ್ರ, ನಿಸರ್ಗದಾಗ ತಾನಾಗೇ ಹೆಪ್ಪುಗಟ್ಟಿದ ಬರ್ಫ ಶಾಸ್ತ್ರದ ಪ್ರಕಾರ ಖನಿಜರೀ” ಎಂದೆ.

ಸಾಹೇಬರ ಕಿವಿ ನೆಟ್ಟಗಾಯಿತು. “ಖರೇ! ಮಳ್ಯಾಗ ಬಿದ್ರ ಆಣಿಕಲ್ಲು ಅಂತೀವಲ್ಲ! ಕಲ್ಲಿಗೆ ಸುಂಕ ಐತಿ.”

“ಇದು ಕಾರ್ಖಾನಿದು, ಖನಿಜ ಆಗೂದಿಲ್ರಿ” ಎಂದು ಗಾಬರಿಯಿಂದ ತಿದ್ದಿದೆ.

“ತಡೀರಿ. ಕಲ್ಲಾದ್ರ ಮುಳಗತೈತಿ.” ಸಾಹೇಬರು ಒಂದು ಚೂರು ಒಡೆದು ತಮ್ಮ ತಂಬಿಗೆಯ ನೀರಿಗೆ ಹಾಕಿದರು. ಅದು ತೇಲಿತು. “ಕಟಗಿ!” ಎಂದು ತೀರ್ಪು ಕೊಟ್ಟು, ಕಟ್ಟಿಗೆಯ ಕಾಲಂನಲ್ಲೇ ಬರೆದರು.

ಗೋದಾಮಿನ ಚಾವಿ ಹುಡುಕಿ ತಕ್ಕಡಿ ತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೇಜಿನ ಕೆಳಗೆ ನೀರು ಹರಿದು, ಚೀಲದಲ್ಲಿ ಒದ್ದೆ ಹೊಟ್ಟು ಮಾತ್ರ ಉಳಿಯಿತು. ಸಾಹೇಬರು ಒಂದು ಹಿಡಿ ಎತ್ತಿ ಮೂಸಿದರು. “ನಾ ಬರದದ್ದ ಖರೇ ಆತು ನೋಡ್ರಿ.”

ವೀರಣ್ಣ ಚೀಲವನ್ನು ಹೆಗಲಿಗೇರಿಸಿ ನನ್ನ ಕಡೆ ತಿರುಗಿದರು. “ಮಾಸ್ತರ್ರ, ಮದುವಿಗೆ ನೀವೂ ಬರಬೇಕ್ರೀ. ನಿಮ್ಮ ಶರಬತ್ತಿಗೆ ಈ ಹೊಟ್ಟ ಹಾಕಸ್ತೀನಿ.”