ಟೆರೇಸಿನ ಗೊಬ್ಬರ, ಪಕ್ಕದ ಸೈಟಿನ ನಾತ

ಚಿಕ್ಕಲಸಂದ್ರದಲ್ಲಿ ನಾವು ಬಾಡಿಗೆಗಿರುವ ಮನೆಯ ಓನರ್ ಕೆಳಗಿನ ಮನೆಯಲ್ಲೇ ಇದ್ದಾರೆ. ಈ ಬೀದಿಯೆಲ್ಲ ಹೊಲವಾಗಿದ್ದಾಗ ಅವರ ಮನೆಯವರು ಇಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಅಂಥವರಿಗೆ ಗೊಬ್ಬರವೆಂದರೇನು ಎಂದು ಹೇಳಿಕೊಡುವ ಸಂದರ್ಭ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಅಂಗಡಿಯಲ್ಲಿ ಮಾರುವ ಗೊಬ್ಬರದ ಕಿಟ್ ನನ್ನ ಟ್ಯೂಷನ್ ದುಡ್ಡಿಗೆ ಎಟುಕುವಂಥದ್ದಲ್ಲ. ಹಿಂದಿನ ರಸ್ತೆಯಲ್ಲಿ ಮನೆಗೆ ಬಣ್ಣ ಬಳಿಯುತ್ತಿದ್ದವರನ್ನು ಕೇಳಿ ಎರಡು ಖಾಲಿ ಪೇಂಟ್ ಡಬ್ಬ ತಂದೆ. ಕಂಬಿ ಕಾಸಿ ಸುತ್ತ ತೂತು ಮಾಡಿದೆ. ತರಕಾರಿ ಸಿಪ್ಪೆ, ಕಾಫಿ ಚರಟ, ಬಾಡಿದ ಹೂವು ಹಾಕಿ, ಮೇಲೆ ಮರಗೆಲಸದ ಅಂಗಡಿಯವರು ಸುಮ್ಮನೆ ಕೊಟ್ಟ ಹೊಟ್ಟು ಉದುರಿಸುತ್ತಿದ್ದೆ. ಆಗಾಗ ಒಂದಿಷ್ಟು ಹುಳಿ ಮಜ್ಜಿಗೆ. ಟೆರೇಸಿನ ಮೂಲೆಯಲ್ಲಿದ್ದ ಆ ಡಬ್ಬಗಳ ಮುಚ್ಚಳ ತೆಗೆದರೆ ಹಸಿ ಮಣ್ಣಿನ ವಾಸನೆ ಬರುತ್ತಿತ್ತು, ಅಷ್ಟೇ.

ನಾತವಿದ್ದದ್ದು ಪಕ್ಕದ ಖಾಲಿ ಸೈಟಿನಲ್ಲಿ. ಬೀದಿಯವರೆಲ್ಲ ಕಸವನ್ನು ಕವರಿನಲ್ಲಿ ಕಟ್ಟಿ ಎಸೆಯುವ ಜಾಗ ಅದು. ಬೇಸಿಗೆಯಲ್ಲಿ ಅದು ಮೂಗಿಗೆ ಬಡಿಯತೊಡಗಿದಾಗ ಓನರ್ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು.

"ಮೇಡಂ, ಬಾಡಿಗೆಗೆ ಕೊಟ್ಟಿರೋದು ಮನೆ. ಮೇಲೆ ತಿಪ್ಪೆ ಮಾಡ್ಕೊಳಿ ಅಂತ ಅಲ್ಲ."

"ಅಂಕಲ್, ಒಂದ್ಸಲ ಬಂದು ಮೂಸಿ ನೋಡಿ. ನಾತ ಬರ್ತಿರೋದು ಸೈಟಿಂದ."

"ನಾನ್ಯಾಕೆ ಮೂಸ್ಲಿ?" ಎನ್ನುತ್ತ ಒಳಗೆ ಹೋದರು.

ಅದೇ ವಾರ ನಾನು ತರಕಾರಿ ತರಲು ಬನಶಂಕರಿಗೆ ಹೋಗಿ ಬರುವಷ್ಟರಲ್ಲಿ ಟೆರೇಸಿನ ಮೂಲೆ ಬರಿದಾಗಿತ್ತು. ಬಗ್ಗಿ ನೋಡಿದರೆ ಡಬ್ಬಗಳು ಸೈಟಿನಲ್ಲಿ ಬೋರಲು ಬಿದ್ದಿದ್ದವು. ಇನ್ನೇನು ಮಾಗಲಿದ್ದ ಗೊಬ್ಬರವೆಲ್ಲ ಪ್ಲಾಸ್ಟಿಕ್ ಕವರುಗಳ ಮೇಲೆ ಚೆಲ್ಲಿತ್ತು. ನಾತವೆಂದು ಹೇಳಿ, ನಾತದ ನಡುವೆಯೇ ಸುರಿದಿದ್ದರು. 

ಹಳೆಯ ಮೊರವೊಂದನ್ನು ಹಿಡಿದು ಸೈಟಿಗಿಳಿದೆ. ಬಾಚಿಕೊಳ್ಳುವಾಗ ಹರಿದ ಕವರೊಂದರಿಂದ ಬಾಳೆಲೆ, ಕೊಳೆತ ಅನ್ನ, ಜೊತೆಗೆ ತಾಂಬೂಲದ ಚೀಲಗಳು ಹೊರಬಂದವು. ಕೆಳಗಿನ ಮನೆಯ ಮೊಮ್ಮಗಳ ನಾಮಕರಣದಲ್ಲಿ ನನಗೂ ಅಂಥದ್ದೇ ಚೀಲ ಕೊಟ್ಟಿದ್ದರು. ಇವುಗಳ ಮೇಲೂ ಅದೇ ಮಗುವಿನ ಹೆಸರು ಅಚ್ಚಾಗಿತ್ತು. ಆ ಕವರನ್ನು ಎತ್ತಿಕೊಂಡು ಹೋಗಿ ಅವರ ಗೇಟಿನ ಮುಂದಿಟ್ಟು ಕೂಗಿದೆ. ಓನರ್ ಹೊರಗೆ ಬಂದರು.

"ಇದು ನಿಮ್ಮನೇದೇ ಅಲ್ವಾ, ಅಂಕಲ್?"

ಅವರು ನೋಡಿದರು. "ಎಲ್ರೂ ಹಾಕ್ತಾರೆ ಮೇಡಂ. ನಾವೊಬ್ರೇನಾ?"

ಆ ದನಿಯಲ್ಲಿ ಒಂದಿಷ್ಟು ನಾಚಿಕೆ ಇದ್ದಿದ್ದರೂ ನಾನು ಸುಮ್ಮನಾಗುತ್ತಿದ್ದೆನೇನೋ. ಇರಲಿಲ್ಲ. ಬೀದಿಗೆ ಬೀದಿಯೇ ಮಾಡುವುದು ಸರಿ, ಕಸವನ್ನು ಮನೆಯಲ್ಲೇ ಕರಗಿಸುವ ನಾನೊಬ್ಬಳು ತಪ್ಪಿತಸ್ಥೆ.

"ಮನೆ ಖಾಲಿ ಮಾಡಿ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ. ನಾವಿಲ್ಲಿರೋವರೆಗೂ ಡಬ್ಬ ಮೇಲೇ ಇರುತ್ತೆ."

ಹೇಳಿದ ಮೇಲೆ ನೆನಪಾಯಿತು: ಈ ಬಾಡಿಗೆಗೆ ಸುತ್ತಮುತ್ತ ಇನ್ನೊಂದು ಮನೆ ಸಿಗುವುದಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮೊಮ್ಮಗಳನ್ನೆತ್ತಿಕೊಂಡು ನಿಂತಿದ್ದ ಅವರ ಹೆಂಡತಿ, "ಡಬ್ಬ ಬಿಸಾಕಿದ್ಮೇಲೂ ನಾತ ಹಾಗೇ ಇದೆಯಲ್ಲ ರೀ. ಬಿಡಿ, ಇಟ್ಕೊಳ್ಲಿ" ಎಂದರು. ಓನರ್ ಒಳಗೆ ಹೋದರು.

ಪ್ಲಾಸ್ಟಿಕ್ ಚೂರುಗಳನ್ನು ಹೆಕ್ಕಿ, ಉಳಿದ ಗೊಬ್ಬರವನ್ನು ಡಬ್ಬಗಳಿಗೆ ತುಂಬಿ ಮೇಲಕ್ಕೆ ಹೊತ್ತೆ. ಆಮೇಲೆ ಯಾರೂ ಅವನ್ನು ಮುಟ್ಟಿಲ್ಲ. ಕ್ಷಮಿಸಿ ಎಂಬ ಮಾತೂ ಬಂದಿಲ್ಲ; ನೀರಿನ ಮೋಟಾರಿನ ವಿಷಯ ಬಿಟ್ಟರೆ ನಾನೂ ಓನರೂ ಬೇರೇನೂ ಮಾತಾಡುವುದಿಲ್ಲ. ಸೈಟಿನಲ್ಲಿ ಮಾತ್ರ ಬೆಳಗಾದರೆ ಹೊಸ ಕವರುಗಳು.