ಮರಿತಾಯಮ್ಮನ ಕಾಲಿಗೆ ಸಾವಿರಾರು ಪೆಟ್ಟು

ಬದನವಾಳಿನ ಮರಿತಾಯಮ್ಮ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದವಳು. ಗರ್ಭಕೋಶದ ಕ್ಯಾನ್ಸರ್ ಗೆದ್ದು ಬಂದ ಎರಡು ವರ್ಷಕ್ಕೆ ಅವಳ ಎಡಗಾಲು ಊದತೊಡಗಿತು. ಊರಿನವರು ಆನೆಕಾಲು ಅಂದರು. "ಊಂ, ಅಂಬಾರಿ ಎಲ್ಲಿ ಅಂತ ಉಡುಕ್ತಾ ಇವ್ನಿ" ಅಂತ ನಗಾಡಿದಳು. ಕಾಲು ಕಲ್ಲಾಗಿ ಮಂಡಿ ಮಡಿಸಲಾಗದೆ ಹೋದ ಮೇಲೆ ಮಾತ್ರ ಆ ನಗುವೂ ಕುಂಟತೊಡಗಿತು.

ಮೈಸೂರಿನ ಡಾಕ್ಟರು ಚೈತ್ರ ಬಿಡಿಸಿ ಹೇಳಿದರು: "ಇದು ಆನೆಕಾಲು ರೋಗ ಅಲ್ಲಮ್ಮ. ಕ್ಯಾನ್ಸರ್ ಆಪರೇಷನ್‌ನಲ್ಲಿ ಒಳಗಿನ ದುಗ್ಧರಸದ ಗಂಟುಗಳನ್ನ ತೆಗೆದಿದ್ದಾರಲ್ಲ, ಕಾಲಿನ ನೀರು ಮೇಲೆ ಹೋಗೋ ದಾರಿ ಮುಚ್ಚಿದೆ." ಒಂದು ವರ್ಷ ಪಟ್ಟಿ ಸುತ್ತಿದ್ದಾಯಿತು, ನೀವಿದ್ದಾಯಿತು, ವ್ಯಾಯಾಮವಾಯಿತು. ಊತ ಒಂದಿಷ್ಟು ಇಳಿದರೂ ಗಟ್ಟಿತನ ಬಿಡಲಿಲ್ಲ. 2009ರಲ್ಲಿ ಡಾಕ್ಟರು, "ಇದರ ಜೊತೆಗೇ ಶಾಕ್ ವೇವ್ ಕೊಟ್ಟು ನೋಡೋಣ. ಹೊಸದು, ಗ್ಯಾರಂಟಿ ಹೇಳಲಾರೆ" ಅಂದರು.

ಗಂಡ ನಿಂಗರಾಜುವಿನ ಕಿವಿಗೆ ಬಿದ್ದದ್ದು ಶಾಕ್ ಅನ್ನುವುದೊಂದೇ. ಪಂಪ್‌ಸೆಟ್ಟಿನಲ್ಲಿ ಒಮ್ಮೆ ಕರೆಂಟಿನಿಂದ ಒದೆಸಿಕೊಂಡಿದ್ದವನು. ಮುಂದಿನ ವಾರ ರಬ್ಬರ್ ಚಪ್ಪಲಿ ಮೆಟ್ಟಿ, ಚೀಲದಲ್ಲಿ ಒಣ ಬಿದಿರುಕೋಲು ಇಟ್ಟುಕೊಂಡೇ ರೈಲು ಹತ್ತಿದ.

ಡಾಕ್ಟರು ಕಾಲಿಗೆ ತಣ್ಣನೆಯ ಜೆಲ್ ಸವರಿ ಯಂತ್ರದ ಮೂತಿ ಒತ್ತಿದರು. ಟಕಟಕಟಕ ಶುರುವಾಯಿತು. ಮರಿತಾಯಮ್ಮನ ಮೈ ಅಲ್ಲಾಡಿತು. ನಿಂಗರಾಜು ಕೋಲು ಹಿರಿದು ಎದ್ದೇಬಿಟ್ಟ.

"ಇದೇನ್ರೀ?"

"ಕರೆಂಟ್ ಇಡ್ಕಂಡ್ರೆ ಬಿಡುಸಕ್ಕೆ, ಮೇಡಂ."

"ಕರೆಂಟಲ್ಲಪ್ಪ, ಬರೀ ಪೆಟ್ಟಿನ ಅಲೆ."

ಅವಳು ಅಲ್ಲಾಡಿದ್ದು ನಗುವಿಗೆ. ಕಚಗುಳಿ ತಾಳಲಾರದೆ ಮಂಚ ಗುದ್ದಿದಳು. ಕೋಲು ಕಂಡು ಇನ್ನಷ್ಟು ನಕ್ಕಳು, ಡಾಕ್ಟರೂ ನಕ್ಕು ಪೆಟ್ಟಿನ ಎಣಿಕೆ ತಪ್ಪಿದರು.

ವಾರಕ್ಕೆರಡು ಸಲ, ಒಂದೂವರೆ ತಿಂಗಳು. ಮೀನಖಂಡದ ಅಳತೆ ಮೂರು ಸೆಂಟಿಮೀಟರ್ ಇಳಿಯಿತು, ಚರ್ಮ ನಾದಿದ ಹಿಟ್ಟಿನಂತೆ ಮೆತ್ತಗಾಯಿತು. ಪಟ್ಟಿ ಸುತ್ತುವುದನ್ನು ಬಿಡಕೂಡದು ಅಂತ ಡಾಕ್ಟರು ತಾಕೀತು ಮಾಡಿದರು. ಬರುವಾಗ ರೈಲಿನ ಸೀಟಿನಲ್ಲಿ ಅವಳು ಚಕ್ಕಳಮಕ್ಕಳ ಹಾಕಿ ಕೂತು, ನಂಜನಗೂಡು ದಾಟುವತನಕ ತನ್ನ ಮಂಡಿಯನ್ನೇ ನೋಡಿಕೊಂಡಳು.

ಮರುತಿಂಗಳು ಮುಡುಕುತೊರೆಯ ತಂಗಿ ದೇವೀರಮ್ಮನ ಮನೆಗೆ ಹೋದವಳು ಪಟ್ಟಿ ಬಿಗಿದು ಬೆಟ್ಟದ ಮೆಟ್ಟಿಲು ಹತ್ತಿದಳು. ಅರ್ಧಕ್ಕೇ ನಿಂಗರಾಜು ಏದುಸಿರು ಬಿಡುತ್ತಾ ಕುಸಿದು ಕೂತ.

"ನಿಂತ್ಕಳಮ್ಮಿ."

"ಚೈತ್ರಮ್ಮಂಗೆ ಯೋಳಿ ನಿಮ್ಗೂ ನಾಕು ಪೆಟ್ಟು ಕೊಡುಸ್ಲಾ?"

ಅವನು ಎದ್ದು ನಿಲ್ಲುವಷ್ಟರಲ್ಲಿ ಅವಳು ಹತ್ತು ಮೆಟ್ಟಿಲು ಮೇಲಿದ್ದಳು. ಕೆಳಗೆ ಕಾವೇರಿ ಹೊಳೆಯುತ್ತಿತ್ತು.